ಹನೋಯಿಗೆ ಆಗದೇ ಹೋದ ಎರಡನೇ ಪ್ರಯಾಣ: 1967ರ ಒಂದು ಹಿಂಬಾಗಿಲ ಮಾತುಕತೆಯ ಪ್ರಕರಣ ಅಧ್ಯಯನ

ಹುದ್ದೆಯಿಲ್ಲದ, ಸಹಿ ಹಾಕುವ ಅಧಿಕಾರವಿಲ್ಲದ ಮೂರು ಜನ 1967ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಮೆರಿಕಕ್ಕೂ ಉತ್ತರ ವಿಯೆಟ್ನಾಮಿಗೂ ನಡುವೆ ಮಾತು ಹೊತ್ತು ತಿರುಗಿದರು. ವಾಷಿಂಗ್ಟನ್ನಿನ ಕಡತಗಳಲ್ಲಿ ಇದಕ್ಕೆ ‘ಪೆನ್ಸಿಲ್ವೇನಿಯಾ’ ಎಂಬ ಗುಟ್ಟಿನ ಹೆಸರು. ಯುದ್ಧವೇನೂ ನಿಲ್ಲಲಿಲ್ಲ. ಆದರೆ ಖಾಸಗಿ ನಾಗರಿಕರನ್ನು ವಿದೇಶಾಂಗ ವ್ಯವಹಾರಕ್ಕೆ ಬಳಸಿಕೊಂಡಾಗ ಕೆಲಸ ಎಲ್ಲಿ ಕೂಡಿಬರುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ತಾರೀಕು ಹಿಡಿದು ನೋಡಲು ಇಷ್ಟು ಚೆನ್ನಾಗಿ ದಾಖಲಾದ ಪ್ರಕರಣಗಳು ಕಡಿಮೆ.

ಆ ಮೂವರನ್ನು ಇಲ್ಲಿ ಹೆಸರಿನಿಂದ ಕರೆಯುವುದಿಲ್ಲ, ಅವರವರ ಕೆಲಸದಿಂದ ಕರೆಯುತ್ತೇವೆ. ಹೆಸರು ಬಂದ ಕೂಡಲೇ ಓದುವವರ ಗಮನ ಆ ವ್ಯಕ್ತಿ ಮುಂದೆ ಏನಾದ ಎನ್ನುವ ಕಡೆ ಹೊರಳುತ್ತದೆ. ಆಗಸ್ಟ್ 20ರಂದು ಏನಾಯಿತು ಎನ್ನುವುದು ಮರೆಗೆ ಸರಿಯುತ್ತದೆ. ಹೀಗಾಗಿ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತಿದ್ದವರು ‘ಪ್ರೊಫೆಸರ್’. ಪ್ಯಾರಿಸ್ಸಿನ ಸೂಕ್ಷ್ಮಜೀವಿ ಸಂಶೋಧಕರು ‘ವಿಜ್ಞಾನಿ’. ಇಪ್ಪತ್ತೊಂದು ವರ್ಷ ಹಿಂದೆ, ಈಗ ಉತ್ತರ ವಿಯೆಟ್ನಾಮಿನ ಅಧ್ಯಕ್ಷರಾಗಿದ್ದ ಹೊ ಚಿ ಮಿನ್ ಅವರನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡಿದ್ದ ಫ್ರೆಂಚ್ ಗೃಹಸ್ಥರು ‘ಆತಿಥೇಯ’. ಸರ್ಕಾರದ ಹುದ್ದೆಯಲ್ಲಿದ್ದವರ ಹೆಸರುಗಳನ್ನು ಇದ್ದಹಾಗೇ ಬಿಟ್ಟಿದ್ದೇವೆ.

ಹಿನ್ನೆಲೆ

ಉತ್ತರ ವಿಯೆಟ್ನಾಮಿನ ಮೇಲೆ ನಿರಂತರ ಬಾಂಬ್ ದಾಳಿ ಶುರುವಾದದ್ದು 1965ರ ಮಾರ್ಚ್ 2ರಂದು. 1967ರ ನಡುವಿನ ಹೊತ್ತಿಗೆ ದಕ್ಷಿಣದಲ್ಲಿ ಅಮೆರಿಕದ ಸೈನಿಕರ ಸಂಖ್ಯೆ ನಾಲ್ಕೂವರೆ ಲಕ್ಷದ ಆಸುಪಾಸಿನಲ್ಲಿತ್ತು. ಎರಡು ಸರ್ಕಾರಗಳ ನಡುವೆ ರಾಯಭಾರ ಸಂಬಂಧವೇ ಇಲ್ಲ. ಮಾತಾಡಬೇಕೆಂದರೆ ಮೂರನೆಯವರ ಮೂಲಕವೇ ಆಡಬೇಕು.

ಹಾಗೆ ನಡೆದ ಎರಡು ಪ್ರಯತ್ನಗಳು ಅಷ್ಟರಲ್ಲೇ ಮುರಿದುಬಿದ್ದಿದ್ದವು. ಮೊದಲನೆಯದು 1966ರ ಕೊನೆಯದು. ವಿಯೆಟ್ನಾಮನ್ನು ತಾತ್ಕಾಲಿಕವಾಗಿ ಉತ್ತರ, ದಕ್ಷಿಣ ಎಂದು ಬೇರ್ಪಡಿಸಿದ 1954ರ ಜಿನೀವಾ ಒಪ್ಪಂದದ ಮೇಲುಸ್ತುವಾರಿಗೆಂದು ಭಾರತದ ಅಧ್ಯಕ್ಷತೆಯಲ್ಲಿ ರಚನೆಯಾದ ಅಂತರರಾಷ್ಟ್ರೀಯ ಆಯೋಗದಲ್ಲಿ ಕೆನಡಾ, ಪೋಲೆಂಡ್ ಕೂಡ ಸದಸ್ಯರು. ಅದರ ಪೋಲಿಷ್ ಪ್ರತಿನಿಧಿ ವಾರ್ಸಾದಲ್ಲಿ ಎರಡೂ ಕಡೆಯವರನ್ನು ಕೂರಿಸುವಷ್ಟು ಮುಂದೆ ಹೋಗಿದ್ದರು. ಡಿಸೆಂಬರ್‌ನಲ್ಲಿ ಉತ್ತರದ ರಾಜಧಾನಿ ಹನೋಯಿಯ ಸುತ್ತ ಬಾಂಬ್ ಬಿತ್ತು, ಮಾತು ನಿಂತಿತು. ಎರಡನೆಯದು 1967ರ ಫೆಬ್ರವರಿಯದು. ಲಂಡನ್ನಿನಲ್ಲಿ ಬ್ರಿಟನ್ ಪ್ರಧಾನಿ ವಿಲ್ಸನ್ ಅವರು ಸೋವಿಯತ್ ಪ್ರಧಾನಿ ಕೊಸಿಗಿನ್ ಕೈಗೆ ಅಮೆರಿಕದ ಪ್ರಸ್ತಾಪ ಕೊಟ್ಟಾಯಿತು. ಆಮೇಲೆ ವಾಷಿಂಗ್ಟನ್ ಅದರ ಕ್ರಿಯಾಪದ ಬದಲಿಸಿತು. ಉತ್ತರ ವಿಯೆಟ್ನಾಂ ದಕ್ಷಿಣಕ್ಕೆ ಸೈನ್ಯ ನುಗ್ಗಿಸುವುದನ್ನು ‘ನಿಲ್ಲಿಸುತ್ತದೆ’ ಎಂಬ ಭರವಸೆ ಸಾಕು ಎಂದಿದ್ದದ್ದು, ‘ನಿಲ್ಲಿಸಿದೆ’ ಎಂಬ ಖಾತರಿ ಬೇಕು ಎಂದಾಯಿತು. ಕನ್ನಡದಲ್ಲಿ ಬರೆದು ನೋಡಿದರೂ ಒಂದೆರಡು ಅಕ್ಷರದ ವ್ಯತ್ಯಾಸ. ಅಷ್ಟಕ್ಕೇ ಮಧ್ಯಸ್ಥರಿಗೆ ಮುಖಭಂಗವಾಯಿತು.

ಹನೋಯಿಯ ಕಡೆಯೂ ಇಂಥದೇ ಒಂದು ಪದ ಕೂತಿತ್ತು. 1967ರ ಜನವರಿ 28ರಂದು ಅಲ್ಲಿನ ವಿದೇಶಾಂಗ ಸಚಿವರು ಹೇಳಿದ್ದು: ಬಾಂಬ್ ದಾಳಿ ಷರತ್ತಿಲ್ಲದೆ ನಿಂತರೆ ಮಾತುಕತೆ ‘ನಡೆಯಬಹುದು’. ‘ನಡೆಯುತ್ತದೆ’ ಎಂದಲ್ಲ. ಆ ‘ಬಹುದು’ವಿನ ಮೇಲೆ ನಂಬಿಕೆಯಿಟ್ಟು ಬಾಂಬ್ ನಿಲ್ಲಿಸಲು ವಾಷಿಂಗ್ಟನ್ ತಯಾರಿರಲಿಲ್ಲ. ನಿಲ್ಲಿಸುವ ಮೊದಲೇ ‘ತ್ತದೆ’ ಎಂದು ಹೇಳಿದರೆ ಬಾಂಬಿಗೆ ಬೆಲೆ ಕಟ್ಟಿದಂತಾಗುತ್ತದೆ ಎಂಬುದು ಹನೋಯಿಯ ನಿಲುವು.

ಸಮಸ್ಯೆಯ ತಿರುಳು ಇಷ್ಟೇ. ಎರಡೂ ಕಡೆಯವರು ಮೊದಲ ಹೆಜ್ಜೆ ಇಡದೆಯೇ, ಎದುರಿನವರು ಎರಡನೇ ಹೆಜ್ಜೆ ಇಡುತ್ತಾರೋ ಇಲ್ಲವೋ ತಿಳಿದುಕೊಳ್ಳಬೇಕಿತ್ತು. ಅಧಿಕೃತ ರಾಯಭಾರಿ ಹೋಗಿ ಕೇಳಿದರೆ ಆ ಕೇಳುವುದೇ ಒಂದು ಹೆಜ್ಜೆಯಾಗಿಬಿಡುತ್ತದೆ. ಖಾಸಗಿಯವರು ಕೇಳಿದರೆ ಹಾಗಲ್ಲ. ಕೆಟ್ಟರೆ ‘ಅವರು ಯಾರೋ, ನಮಗೆ ಸಂಬಂಧವಿಲ್ಲ’ ಎನ್ನಬಹುದು.

ಮೂವರು ಒಟ್ಟಾದದ್ದು

1967ರ ಜೂನ್‌ನಲ್ಲಿ ಪಗ್ವಾಷ್ ಚಳವಳಿಯ ಒಂದು ಸಣ್ಣ ಸಭೆ ಪ್ಯಾರಿಸ್ಸಿನಲ್ಲಿ ಸೇರಿತು. ಅಣ್ವಸ್ತ್ರದ ಅಪಾಯದ ಬಗ್ಗೆ ಅಮೆರಿಕ, ಸೋವಿಯತ್ ಎರಡೂ ಬಣದ ವಿಜ್ಞಾನಿಗಳು ಖಾಸಗಿಯಾಗಿ ಕೂತು ಮಾತಾಡುವ ಕೂಟ ಅದು. (ಇದರ ಮೊದಲ ಸಮಾವೇಶವನ್ನು ನೆಹರೂ ಆಹ್ವಾನದ ಮೇಲೆ ಭಾರತದಲ್ಲೇ ನಡೆಸುವುದೆಂದಿತ್ತು. ಸೂಯೆಜ್ ಬಿಕ್ಕಟ್ಟು ಬಂದು ತಪ್ಪಿತು. 1957ರ ಜುಲೈನಲ್ಲಿ ಕೆನಡಾದ ಪಗ್ವಾಷ್ ಎಂಬ ಊರಿನಲ್ಲಿ ನಡೆದು ಆ ಊರಿನ ಹೆಸರೇ ನಿಂತಿತು.) ಪ್ರೊಫೆಸರೂ ವಿಜ್ಞಾನಿಯೂ ಸೇರಿದ್ದು ಅಲ್ಲಿ. ಹನೋಯಿಯ ಬಾಗಿಲು ತಟ್ಟಬಲ್ಲ ಒಬ್ಬರು ನನಗೆ ಗೊತ್ತು ಎಂದು ವಿಜ್ಞಾನಿ ಆತಿಥೇಯರ ವಿಷಯ ತಂದರು.

1946ರಲ್ಲಿ ವಿಯೆಟ್ನಾಮಿನ ಸ್ವಾತಂತ್ರ್ಯದ ಬಗ್ಗೆ ನಡೆದ ಫಾಂಟೆನ್‌ಬ್ಲೂ ಮಾತುಕತೆಗೆಂದು ಫ್ರಾನ್ಸಿಗೆ ಬಂದ ಹೊ ಚಿ ಮಿನ್, ಹೋಟೆಲು ಬಿಟ್ಟು ಪ್ಯಾರಿಸ್ಸಿನ ಹೊರವಲಯದ ಈ ಆತಿಥೇಯರ ಮನೆಯಲ್ಲಿ ವಾರಗಟ್ಟಲೆ ಉಳಿದಿದ್ದರು. ಆ ದಿನಗಳಲ್ಲೇ ಮನೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು, ಹೊ ಆ ಮಗುವಿಗೆ ಧರ್ಮಪಿತನಂತಾದರು. ಆ ನಂಟು ಕಡಿದುಹೋಗಿರಲಿಲ್ಲ. 1967ರಲ್ಲಿ ಆತಿಥೇಯರು ರೋಮ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯಲ್ಲಿ ಕೆಲಸಕ್ಕಿದ್ದರು.

ಮೂವರ ಬಂಡವಾಳವನ್ನು ಬಿಡಿಸಿ ನೋಡಿದರೆ ಈ ದಾರಿಯ ಬಲವೂ ದೌರ್ಬಲ್ಯವೂ ಒಟ್ಟಿಗೇ ಕಾಣುತ್ತವೆ. ಹನೋಯಿಯ ನಂಬಿಕೆ ಇದ್ದದ್ದು ಆತಿಥೇಯರಿಗೆ. ಆದರೆ ಅವರ ನೌಕರಿ ರೋಮ್‌ನಲ್ಲಿ, ಬೇಕೆಂದಾಗ ಪ್ಯಾರಿಸ್ಸಿನಲ್ಲಿ ಕೂರುವಂತಿರಲಿಲ್ಲ. ವಿಜ್ಞಾನಿ ಪ್ಯಾರಿಸ್ಸಿನಲ್ಲೇ ಇದ್ದರು, ಓಡಾಡಲು ಸಿದ್ಧರಿದ್ದರು. ಹೊ ಜತೆ ಅವರಿಗೆ ಪರಿಚಯವೇ ಇರಲಿಲ್ಲ. ವಾಷಿಂಗ್ಟನ್ನಿನ ಕಿವಿ ಪ್ರೊಫೆಸರಿಗೆ ಸಿಗುತ್ತಿತ್ತು: ಅವರು ವಿದೇಶಾಂಗ ಇಲಾಖೆಗೆ ಸಲಹೆಗಾರರು, 1965 ಮತ್ತು 1966ರಲ್ಲಿ ದಕ್ಷಿಣ ವಿಯೆಟ್ನಾಮಿಗೆ ಹೋಗಿ ಪರಿಸ್ಥಿತಿ ಕಂಡು ಬಂದವರು. ಹನೋಯಿ ಮಾತ್ರ ಅವರನ್ನು ನೇರ ನೋಡಲು ಕೊನೆಯವರೆಗೂ ಒಪ್ಪಲಿಲ್ಲ. ನಂಬಿಕೆ ಒಬ್ಬರಲ್ಲಿ, ಬಿಡುವು ಒಬ್ಬರಲ್ಲಿ, ಅಧಿಕಾರದ ಪಡಸಾಲೆ ಇನ್ನೊಬ್ಬರಿಗೆ. ಯಾವ ಸಂದೇಶವಾದರೂ ಮೂರು ಕೈ ದಾಟಿಯೇ ಹೋಗಬೇಕು.

ಅನುಮತಿಯಿಲ್ಲದೆ ಬೇರೆ ದೇಶದ ಸರ್ಕಾರದೊಡನೆ ವಿವಾದದ ವಿಷಯ ಕುದುರಿಸುವ ನಾಗರಿಕರನ್ನು ಶಿಕ್ಷಿಸುವ ಕಾನೂನು ಅಮೆರಿಕದಲ್ಲಿ 1799ರಿಂದ ಇದೆ. ಪ್ರೊಫೆಸರ್ ಮೊದಲು ಮಾಡಿದ್ದು ಸರಿಯಾದ ಕೆಲಸ: ವಿಷಯವನ್ನು ವಿದೇಶಾಂಗ ಇಲಾಖೆಗೆ ತಿಳಿಸಿದರು. ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್‌ಗೆ ಇಂಥ ದಾರಿಗಳ ಮೇಲೆ ಭರವಸೆಯಿರಲಿಲ್ಲ. ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರ ಆ ವರದಿ ಕಂಡು, ಕಳೆದುಕೊಳ್ಳುವುದೇನು, ನೋಡೋಣ ಎಂದು ಹಿಂದೆ ಬಿದ್ದರು. ಅಧ್ಯಕ್ಷ ಜಾನ್ಸನ್ ಒಪ್ಪಿದರು. ಬಾಂಬ್ ಹಾಕುವ ಇಲಾಖೆಯ ಯಜಮಾನರೇ ಈ ದಾರಿಯ ಪೋಷಕರು. ಇದರಿಂದ ಅನುಕೂಲವಾಗಬೇಕಿತ್ತು, ಆಗಲಿಲ್ಲ.

ಜುಲೈ: ಮೊದಲ ಪ್ರಯಾಣ

ವಿಜ್ಞಾನಿ ಮತ್ತು ಆತಿಥೇಯ ಕಾಂಬೋಡಿಯಾ ದಾರಿಯಾಗಿ ಹನೋಯಿ ತಲುಪಿದರು. ಜುಲೈ 24ರಂದು ಹೊ ಚಿ ಮಿನ್ ಭೇಟಿ. ಆಗ ಅವರಿಗೆ 77 ವರ್ಷ, ಮೈ ಸೋತಿತ್ತು. ಆ ಭೇಟಿ ಹೆಚ್ಚುಕಡಿಮೆ ಮನೆಯವರ ಭೇಟಿಯೇ. ಅಂದು ಹುಟ್ಟಿದ ಮಗು ಈಗ ಹೇಗಿದೆ ಎಂಬ ವಿಚಾರಣೆ ಆಯಿತು, ರಾಜಕೀಯ ಮಾತು ಕಡಿಮೆ. ಕೆಲಸದ ಮಾತು ನಡೆದದ್ದು ಪ್ರಧಾನಿ ಫಾಮ್ ವಾನ್ ಡಾಂಗ್ ಜತೆ, ಅಂದು ಮತ್ತು ಮರುದಿನ.

ಅವರು ಹೇಳಿದ ನಾಲ್ಕು ಸಂಗತಿಗಳನ್ನು ವಾಷಿಂಗ್ಟನ್ ಮತ್ತೆ ಮತ್ತೆ ಓದಿತು. ಬಾಂಬ್ ಷರತ್ತಿಲ್ಲದೆ ನಿಂತರೆ ಮಾತುಕತೆಗೆ ಬೇರೆ ಅಡ್ಡಿ ಇರುವುದಿಲ್ಲ. ನಿಲ್ಲಿಸಿದ್ದೇವೆಂದು ಘೋಷಿಸಲೇಬೇಕೆಂದಿಲ್ಲ, ಸದ್ದಿಲ್ಲದೆ ನಿಂತರೂ ಆಯಿತು. ಅಮೆರಿಕವನ್ನು ಅವಮಾನಿಸುವ ಇರಾದೆ ನಮಗಿಲ್ಲ. ರಾಜಕೀಯ ಇತ್ಯರ್ಥ ಮುಗಿಯುವ ತನಕ ಅವರ ಸೈನ್ಯ ದಕ್ಷಿಣದಲ್ಲಿ ಸ್ವಲ್ಪ ಇದ್ದರೂ ಇರಲಿ.

ಎರಡನೆಯದನ್ನು ಗಮನಿಸಿ. ಜಾನ್ಸನ್‌ಗೆ ಹೆಚ್ಚು ಕಷ್ಟವಾಗಿದ್ದದ್ದು ‘ಷರತ್ತಿಲ್ಲದೆ ನಿಲ್ಲಿಸಿದೆ’ ಎಂದು ತನ್ನ ದೇಶದ ಮುಂದೆ ಬಾಯಿಬಿಟ್ಟು ಹೇಳುವುದು. ಹೇಳದೆಯೇ ನಿಲ್ಲಿಸಬಹುದು ಎಂಬ ರಿಯಾಯಿತಿ ಯಾವ ಅಧಿಕೃತ ಹೇಳಿಕೆಯಲ್ಲೂ ಬಂದಿರಲಿಲ್ಲ. ಹಳೆಯ ಸ್ನೇಹಿತ ಎದುರಿಗೆ ಕೂತಿದ್ದಾಗ ಬಂತು. ಖಾಸಗಿ ದೂತರಿಂದ ಸರ್ಕಾರಕ್ಕೆ ಸಿಗಬಹುದಾದ ದೊಡ್ಡ ಲಾಭ ಇಂಥದು: ಎದುರಿನವರ ಬಿಗಿ ಎಲ್ಲಿ ಸಡಿಲವಿದೆ ಎಂಬ ಸುಳಿವು.

ಆಗಸ್ಟ್: ಎರಡು ಕಡತ, ಒಂದೇ ಕ್ಯಾಲೆಂಡರ್

ಜುಲೈ ವರದಿಯ ಮೇಲೆ ವಾಷಿಂಗ್ಟನ್ ಉತ್ತರ ಸಿದ್ಧಪಡಿಸಿತು. ಆಗಸ್ಟ್ 11ಕ್ಕೆ ಅದಕ್ಕೆ ಒಪ್ಪಿಗೆ ಸಿಕ್ಕಿತು. ಒಕ್ಕಣೆಯ ಸಾರ: ಬಾಂಬ್ ನಿಲ್ಲಿಸುವುದರಿಂದ ಬೇಗನೆ ಫಲಪ್ರದ ಮಾತುಕತೆಗೆ ದಾರಿಯಾಗುವುದಾದರೆ ಅಮೆರಿಕ ಉತ್ತರದ ಮೇಲಿನ ವಾಯು ಹಾಗೂ ನೌಕಾ ದಾಳಿ ನಿಲ್ಲಿಸಲು ಸಿದ್ಧ, ಮಾತುಕತೆ ನಡೆಯುವಾಗ ಈ ನಿಲುಗಡೆಯ ಲಾಭವನ್ನು ಹನೋಯಿ ಪಡೆಯುವುದಿಲ್ಲ ಎಂದು ಅಮೆರಿಕ ಭಾವಿಸುತ್ತದೆ.

ಹಿಂದಿನ ಪ್ರಸ್ತಾಪಗಳಿಗಿಂತ ಇದು ನಿಜಕ್ಕೂ ಸಡಿಲ. ‘ನಿಲ್ಲಿಸಿದೆ ಎಂದು ಖಾತರಿ ಕೊಡಿ’ ಎಂಬುದು ಹೋಗಿ ‘ಎಂದು ಭಾವಿಸುತ್ತೇವೆ’ ಬಂತು. ಬೇಡಿಕೆ ಊಹೆಯಾಯಿತು. ಆದರೆ ‘ಲಾಭ ಪಡೆಯುವುದು’ ಎಂದರೆ ಎಷ್ಟು, ಏನು? ದಕ್ಷಿಣದಲ್ಲಿರುವ ತನ್ನ ಪಡೆಗೆ ಮಾಮೂಲಿ ಅಕ್ಕಿ, ಗುಂಡು, ಔಷಧ ಕಳಿಸಿದರೆ ಅದು ಲಾಭ ಪಡೆದಂತೆಯೋ? ಮಾಮೂಲಿಗಿಂತ ಹೆಚ್ಚು ಕಳಿಸಿದರೆ ಮಾತ್ರವೋ? ಒಕ್ಕಣೆಯಲ್ಲಿ ಇದರ ಅಳತೆ ಇರಲಿಲ್ಲ. ಕೇಳಿದವರಿಗೆ ಬಾಯಲ್ಲಿ ವಿವರಿಸುವುದೆಂದು ಬಿಟ್ಟರು. ಬಾಯಿಮಾತು ಮೂರು ಕೈ ದಾಟುವಾಗ ಅದರ ಅಂಚು ಸವೆಯುತ್ತದೆ. ಈ ಒಂದು ಪದಕ್ಕೆ ಅಮೆರಿಕ ಬಹಿರಂಗವಾಗಿ ಅರ್ಥ ಕೊಟ್ಟದ್ದು ಐದೂವರೆ ತಿಂಗಳ ಮೇಲೆ.

ಆಗಸ್ಟ್ 17 ಮತ್ತು 18ರಂದು ಪ್ರೊಫೆಸರ್ ಪ್ಯಾರಿಸ್ಸಿನಲ್ಲಿ ಇಬ್ಬರು ಫ್ರೆಂಚರನ್ನು ಕಂಡರು. ಸರ್ಕಾರದ ಅಧಿಕಾರಿ ಚೆಸ್ಟರ್ ಕೂಪರ್ ಜತೆಗಿದ್ದರು. ಸಂದೇಶ ಪ್ರೊಫೆಸರ್ ಸ್ವಂತದ್ದಲ್ಲ, ವಾಷಿಂಗ್ಟನ್ನಿನದು ಎಂಬುದಕ್ಕೆ ಅವರ ಹಾಜರಿಯೇ ಸಾಕ್ಷಿ. ಒಳ್ಳೆಯ ಏರ್ಪಾಟು. ಫ್ರೆಂಚರು ಸಂದೇಶ ಹೊತ್ತು ಮತ್ತೆ ಹನೋಯಿಗೆ ಹೋಗಬೇಕು. ಅವರ ಸುರಕ್ಷತೆಗೂ ಸದ್ಭಾವದ ಗುರುತಿಗೂ ಎಂದು ಆಗಸ್ಟ್ 24ರಿಂದ ಹನೋಯಿಯ ಸುತ್ತ 10 ಮೈಲಿ ವ್ಯಾಪ್ತಿಯಲ್ಲಿ ಬಾಂಬ್ ಹಾಕುವುದಿಲ್ಲ ಎಂದು ತೀರ್ಮಾನವಾಯಿತು.

ಇನ್ನೊಂದು ಕಡತ ಅದೇ ಕಟ್ಟಡಗಳಲ್ಲಿ ಬೇರೆ ಮೇಜುಗಳ ಮೇಲೆ ಸಾಗುತ್ತಿತ್ತು. ಬಾಂಬ್ ದಾಳಿ ಸಾಲದು ಎಂದು ವಾದಿಸುತ್ತಿದ್ದ ಸೆನೆಟರ್ ಸ್ಟೆನಿಸ್ ಅವರ ಉಪಸಮಿತಿ ಆಗಸ್ಟ್ 9ರಂದು ವಿಚಾರಣೆ ಶುರುಮಾಡಿತ್ತು. ಸೇನಾ ಮುಖ್ಯಸ್ಥರು ಅಲ್ಲಿ ಸಾಕ್ಷಿ ಹೇಳುವವರಿದ್ದರು. ಅದೇ ಹೊತ್ತಿಗೆ ಜಾನ್ಸನ್ ಹನೋಯಿ ಸುತ್ತಲಿನವೂ ಸೇರಿ ಇನ್ನಷ್ಟು ಗುರಿಗಳಿಗೆ ಅನುಮತಿ ಕೊಟ್ಟರು. ಸಂದೇಶದ ಒಕ್ಕಣೆಗೆ ಒಪ್ಪಿಗೆ ಸಿಕ್ಕ ಆಗಸ್ಟ್ 11ರಂದೇ ಅಮೆರಿಕದ ವಿಮಾನಗಳು ಹನೋಯಿಯ ದೊಡ್ಡ ರೈಲು ಸೇತುವೆಯಾದ ಪಾಲ್ ಡೂಮರ್ ಸೇತುವೆಯನ್ನು ಮೊದಲ ಬಾರಿಗೆ ಹೊಡೆದವು. ನಂತರ ಮೋಡ ಕವಿದು ಹಲವು ಗುರಿಗಳು ಹಾಗೇ ಬಾಕಿ ಉಳಿದವು.

ಆಗಸ್ಟ್ 20ಕ್ಕೆ ಆಕಾಶ ತಿಳಿಯಾಯಿತು. ಆ ಒಂದು ದಿನ ಉತ್ತರ ವಿಯೆಟ್ನಾಮಿನ ಮೇಲೆ 200ಕ್ಕೂ ಹೆಚ್ಚು ಹಾರಾಟಗಳಾದವು. ಅಲ್ಲಿಯ ತನಕ ಯಾವ ದಿನವೂ ಅಷ್ಟಾಗಿರಲಿಲ್ಲ. 21, 22ರಂದು ಹನೋಯಿಯ ಮೇಲೂ ದಾಳಿ ಆಯಿತು. ವೀಸಾ ಕೇಳಿದ್ದ ಇಬ್ಬರಿಗೆ 21ರಂದು ಹನೋಯಿಯ ಉತ್ತರ ಬಂತು: ಈಗ ಬರುವುದು ಅಪಾಯ, ವೀಸಾ ಇಲ್ಲ.

ಈ ಮೂರು ದಿನಗಳೇ ಇಡೀ ಪ್ರಕರಣದ ತಿರುವು. ಯಾರೂ ಬೇಕೆಂದು ಕೆಡಿಸಿದ್ದಲ್ಲ. ಮಾತುಕತೆಯ ಗುಟ್ಟು ಬೆರಳೆಣಿಕೆಯ ಜನರಿಗೆ ಗೊತ್ತು. ವಿಮಾನ ಹಾರಿಸುವವರಿಗೆ ಗೊತ್ತಿಲ್ಲ. ಅವರ ಪಾಲಿಗೆ ಅನುಮತಿ ಸಿಕ್ಕ ಗುರಿ, ತಿಳಿಯಾದ ಆಕಾಶ, ಅಷ್ಟೇ. ವಿರಾಮದ ತಾರೀಕನ್ನು ದೂತರು ತಲುಪುವ ದಿನಕ್ಕೆ ಕಟ್ಟಿದ್ದರು. ದೂತರು ಹೊರಡಬೇಕಾದರೆ ಅದಕ್ಕೂ ಮೊದಲೇ ಹನೋಯಿ ವೀಸಾ ಕೊಡಬೇಕು, ವೀಸಾ ಕೊಡುವ ಮನಸ್ಸು ಬರಬೇಕಾದದ್ದು ಅದೇ 20, 21ರಂದು ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ. ವಿರಾಮ 18ರಿಂದ ಶುರುವಾಗಿದ್ದರೆ ಪ್ರಯಾಣವಾದರೂ ಆಗುತ್ತಿತ್ತೇನೋ. ಮೋಡ ಇನ್ನೊಂದು ವಾರ ಕವಿದಿದ್ದರೂ ಆಗುತ್ತಿತ್ತು.

ರಕ್ಷಣಾ ಕಾರ್ಯದರ್ಶಿ ಈ ದಾರಿಗೆ ಪೋಷಕರಾಗಿದ್ದೂ ಹೀಗಾದದ್ದು ವಿಚಿತ್ರ ಎನಿಸಬಹುದು. ಆದರೆ ಗುರಿಪಟ್ಟಿಯ ವಿಷಯದಲ್ಲಿ ಅವರು ಅದೇ ವಾರ ಸೆನೆಟ್ಟಿನ ಕಟಕಟೆಯಲ್ಲಿ ನಿಲ್ಲುವವರಿದ್ದರು. ಆಗಸ್ಟ್ 25ರಂದು ಅವರು ಅಲ್ಲಿ, ಬಾಂಬಿನಿಂದ ಹನೋಯಿಯನ್ನು ಮಾತುಕತೆಗೆ ಎಳೆತರಲಾಗದು ಎಂಬ ಅರ್ಥದ ಸಾಕ್ಷ್ಯ ಹೇಳಿದರು. ಅದೇ 25ರಂದು ಪ್ಯಾರಿಸ್ಸಿನಲ್ಲಿ ಇಬ್ಬರು ಫ್ರೆಂಚರು, ಹನೋಯಿಯಲ್ಲಿ ಪ್ರಧಾನಿಯ ಕೈಗೆ ಕೊಡಬೇಕಾಗಿದ್ದ ಕಾಗದವನ್ನು ಉತ್ತರ ವಿಯೆಟ್ನಾಮಿನ ಪ್ರತಿನಿಧಿ ಮಾಯ್ ವಾನ್ ಬೋ ಕೈಗೆ ಕೊಟ್ಟರು.

ಸೆಪ್ಟೆಂಬರ್: ದೂತರು ಅಂಚೆಯವರಾದದ್ದು

ಇಲ್ಲಿಗೆ ಈ ದಾರಿಯ ಸ್ವರೂಪವೇ ಬದಲಾಯಿತು. ಆತಿಥೇಯರ ಮೂಲಕ ಹೋಗುವುದರ ಅರ್ಥವಿದ್ದದ್ದು ಅವರು ಹೊ ಮತ್ತು ಡಾಂಗ್ ಎದುರು ಕೂರಬಲ್ಲರು ಎಂಬುದರಲ್ಲಿ. ಬೋ ಎದುರು ಕೂರಲು ಇಪ್ಪತ್ತೊಂದು ವರ್ಷದ ಸ್ನೇಹ ಬೇಕಿಲ್ಲ. ಬೋ ಕೂಡ ನಿರ್ಧರಿಸುವವರಲ್ಲ, ಕೇಳಿಸಿಕೊಂಡು ಹನೋಯಿಗೆ ತಂತಿ ಕಳಿಸುವವರು. ಆತಿಥೇಯರು ರೋಮ್‌ನ ಕೆಲಸಕ್ಕೆ ಮರಳಬೇಕಾಗಿದ್ದರಿಂದ ಓಡಾಟ ಬಹುಮಟ್ಟಿಗೆ ವಿಜ್ಞಾನಿಯ ಹೆಗಲಿಗೆ ಬಿತ್ತು. ಅಂದರೆ, ನಂಬಿಕೆಯಿದ್ದವರು ದೂರ ಸರಿದರು, ಬಿಡುವಿದ್ದವರು ಉಳಿದರು.

ಹತ್ತು ಮೈಲಿಯ ವಿರಾಮ ಮೊದಲು ಸೆಪ್ಟೆಂಬರ್ 4ರ ತನಕ ಎಂದಿದ್ದದ್ದು ಮುಂದಕ್ಕೆ ಹೋಯಿತು. ಅದೂ ಎರಡಲಗಿನ ಕತ್ತಿಯಾಯಿತು. ಹನೋಯಿಯ ಸುತ್ತ ಬಾಂಬ್ ಬೀಳದಿದ್ದರೂ ಹೈಫಾಂಗ್ ಬಂದರಿನ ಕಡೆ ಬೀಳುತ್ತಲೇ ಇತ್ತು. ಸೆಪ್ಟೆಂಬರ್ 10ರಂದು ಕಾಮ್ ಫಾ ಬಂದರಿಗೂ ಬಿತ್ತು. ಒಂದು ಊರಿಗೆ ರಜೆ, ಪಕ್ಕದೂರಿಗೆ ದುಪ್ಪಟ್ಟು ಎಂಬಂತೆ ಬೋಗೆ ಕಂಡಿತು. ಜತೆಗೆ, ಅವಧಿ ಹೇಳಿ ಕೊಟ್ಟ ವಿರಾಮ ಗಡಿಯಾರ ಎದುರಿಗಿಟ್ಟು ಉತ್ತರ ಕೇಳಿದಂತೆ. ವಾಷಿಂಗ್ಟನ್ ಅದನ್ನು ಸೌಜನ್ಯ ಎಂದುಕೊಂಡಿತ್ತು. ಸೆಪ್ಟೆಂಬರ್ 11ರ ಸುಮಾರಿಗೆ ತಲುಪಿದ ಉತ್ತರದಲ್ಲಿ ಅಮೆರಿಕದ ಪ್ರಸ್ತಾಪಕ್ಕೆ ಹನೋಯಿ ಬಳಸಿದ ಮಾತು: ಅಂತಿಮ ಎಚ್ಚರಿಕೆ. ದಾಳಿ ಏರಿಸಿದ ಮೇಲೆ, ಇನ್ನೂ ಏರಿಸುವ ಬೆದರಿಕೆಯ ನೆರಳಲ್ಲಿ ಬಂದ ಪ್ರಸ್ತಾಪವಿದು, ನಾವು ತಿರಸ್ಕರಿಸುತ್ತೇವೆ ಎಂದರು.

ಹಾಗಿದ್ದೂ ಬೋ ಬಾಗಿಲು ಮುಚ್ಚಲಿಲ್ಲ. ವಿಜ್ಞಾನಿ ಬಂದಾಗಲೆಲ್ಲ ಕೂರಿಸಿ ಮಾತಾಡಿಸಿದರು. ಪ್ರೊಫೆಸರ್ ಪ್ಯಾರಿಸ್ಸಿಗೆ ಬಂದು ಕಾದರು. ಅವರನ್ನು ಕಾಣಲು ಮಾತ್ರ ಆಗದು ಎಂಬ ಉತ್ತರವೇ ಬಂತು. ಇದನ್ನು ಹೇಗೆ ಓದಬೇಕು? ತಿರಸ್ಕಾರದ ಕಾಗದ ನಿಜವೋ, ತೆರೆದ ಬಾಗಿಲು ನಿಜವೋ? ಪ್ರೊಫೆಸರ್ ಮತ್ತು ವಿಜ್ಞಾನಿ ಬಾಗಿಲನ್ನು ನೋಡಿದರು, ಜಾನ್ಸನ್ ಮತ್ತು ರಸ್ಕ್ ಕಾಗದವನ್ನು ನೋಡಿದರು. ಖಾಸಗಿ ಮಧ್ಯಸ್ಥರಲ್ಲಿ ಇಂಥ ಆಶಾವಾದ ಸಾಮಾನ್ಯ. ಅಧಿಕೃತ ರಾಯಭಾರಿಗೆ ಒಂದು ಕಡತ ಮುಚ್ಚಿದರೆ ಇನ್ನೊಂದಿರುತ್ತದೆ. ಖಾಸಗಿಯವರ ಕೈಯಲ್ಲಿ ಇರುವುದು ಒಂದೇ. ಅದು ಮುಗಿದರೆ ಅವರ ಪಾತ್ರವೂ ಮುಗಿಯಿತು. ಬೇಕೆಂದು ಸುಳ್ಳು ಹೇಳದಿದ್ದರೂ, ‘ಕಾಫಿ ಕೊಟ್ಟರು, ಚೆನ್ನಾಗಿ ಮಾತಾಡಿದರು’ ಎಂಬುದು ವರದಿಯಲ್ಲಿ ಮೇಲಕ್ಕೆ ಬರುತ್ತದೆ, ‘ಇಲ್ಲ ಎಂದರು’ ಎಂಬುದು ಕೆಳಕ್ಕೆ ಇಳಿಯುತ್ತದೆ.

ಸ್ಯಾನ್ ಆಂಟೋನಿಯೊ, ಮತ್ತು ಕೊನೆಯ ಮೂರು ವಾರ

ಸೆಪ್ಟೆಂಬರ್ 29ರಂದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಜಾನ್ಸನ್ ಭಾಷಣ ಮಾಡಿದರು. ಆಗಸ್ಟ್‌ನಲ್ಲಿ ಗುಟ್ಟಾಗಿ ಕಳಿಸಿದ್ದ ಒಕ್ಕಣೆಯನ್ನೇ ಹೆಚ್ಚುಕಡಿಮೆ ಪದಶಃ ಜಗತ್ತಿಗೆ ಹೇಳಿದರು. ‘ಮಾತುಕತೆಗೆ ದಾರಿಯಾದರೆ ನಿಲ್ಲಿಸುತ್ತೇವೆ’ ಎಂದಿದ್ದದ್ದು ‘ದಾರಿಯಾದಾಗ ನಿಲ್ಲಿಸುತ್ತೇವೆ’ ಎಂದಾಯಿತು, ಅಷ್ಟು ಸಡಿಲಿಸಿದ್ದರು.

ಇದು ಸರಿಯಾದ ಹೆಜ್ಜೆಯೇ? ನಮ್ಮ ಅಂದಾಜಿನಲ್ಲಿ ಅಲ್ಲ, ಅಥವಾ ಆ ಹೊತ್ತಿಗಲ್ಲ. ಗುಟ್ಟಿನ ಪ್ರಸ್ತಾಪವನ್ನು ದೂತರು ಇನ್ನೂ ಬಾಗಿಲ ಬಳಿ ಕಾಯುತ್ತಿರುವಾಗಲೇ ಬೀದಿಗೆ ತಂದರೆ ಎರಡು ನಷ್ಟ. ದೂತರ ಕೈಯಲ್ಲಿ ಹೊಸದೇನೂ ಉಳಿಯುವುದಿಲ್ಲ. ಎದುರಿನವರು ಸದ್ದಿಲ್ಲದೆ ಒಪ್ಪಬಹುದಾಗಿದ್ದನ್ನು ಈಗ ಲೋಕದ ಮುಂದೆ ಒಪ್ಪಬೇಕು. ‘ಘೋಷಣೆ ಬೇಡ, ಸದ್ದಿಲ್ಲದೆ ನಿಂತರೆ ಸಾಕು’ ಎಂದು ಜುಲೈನಲ್ಲಿ ಡಾಂಗ್ ಹೇಳಿದ್ದನ್ನು ನೆನೆಸಿಕೊಂಡರೆ ಇದು ಇನ್ನೂ ಚುಚ್ಚುತ್ತದೆ. ಜಾನ್ಸನ್ ಕಡೆಯಿಂದ ನೋಡಿದರೆ ಒತ್ತಡ ಬೇರೆಯದೇ: ದೇಶದೊಳಗೆ ಯುದ್ಧವಿರೋಧ ಬೆಳೆಯುತ್ತಿತ್ತು, ನಾನು ಶಾಂತಿಗೆ ಸಿದ್ಧ ಎಂದು ತೋರಿಸಬೇಕಿತ್ತು. ಗುಟ್ಟಿನ ಮಾತಿನಿಂದ ಆ ಕೆಲಸ ಆಗುವುದಿಲ್ಲ.

ಅಕ್ಟೋಬರ್ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ದೂರವಾಣಿ ಕರೆಗಳು, ಕರಡುಗಳು, ತಿದ್ದುಪಡಿಗಳು. 17ರಂದು ಬೋ ಹೇಳಿದ್ದರ ಸಾರ: ಅಮೆರಿಕ ಯುದ್ಧ ಏರಿಸುತ್ತಲೇ ಇದೆ, ಶಾಂತಿಯ ಮಾತು ಬರೀ ತಂತ್ರ, ಪ್ರೊಫೆಸರನ್ನು ಕಾಣಲಾಗದು. 18ರಂದು ಜಾನ್ಸನ್ ಪ್ರೊಫೆಸರನ್ನು ಶ್ವೇತಭವನಕ್ಕೆ ಕರೆಸಿ ಹಿರಿಯರ ಮುಂದೆ ವರದಿ ಕೇಳಿದರು. ಆ ಕೋಣೆಯಲ್ಲಿ ಮಂತ್ರಿಗಳ ಜತೆ ಕೂತಿದ್ದವರಲ್ಲಿ ಕ್ಲಾರ್ಕ್ ಕ್ಲಿಫರ್ಡ್ ಆಗ ಖಾಸಗಿ ವಕೀಲರು, ಏಬ್ ಫೋರ್ಟಾಸ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಅಂದರೆ ಒಬ್ಬ ಅನೌಪಚಾರಿಕ ದೂತರ ವರದಿಯನ್ನು ತೂಗಲು ಕೂತವರಲ್ಲೂ ಅನೌಪಚಾರಿಕ ಸಲಹೆಗಾರರೇ ಇದ್ದರು. ಇನ್ನೊಮ್ಮೆ ನೋಡೋಣ ಎಂದಾಯಿತು. 20ರಂದು ವಿಜ್ಞಾನಿ ಕೇಳಿದಾಗ ಬೋ, ಹೊಸದೇನೂ ಇಲ್ಲ, ಪರಿಸ್ಥಿತಿ ಹದಗೆಡುತ್ತಿದೆ, ಇನ್ನು ಮಾತಾಡಲು ಕಾರಣವಿಲ್ಲ ಎಂದರು. ನಾಲ್ಕು ದಿನದ ಮೇಲೆ, ಅಕ್ಟೋಬರ್ 24ರಂದು, ಹನೋಯಿ ಹತ್ತಿರದ ಫುಕ್ ಯೆನ್ ವಾಯುನೆಲೆಯ ಮೇಲೆ ಮೊದಲ ಸಲ ಬಾಂಬ್ ಬಿತ್ತು.

ಪ್ರಕರಣದಿಂದ ತಿಳಿಯುವುದು

ಆಗಸ್ಟ್ 20ರಂದು ಬಾಂಬ್ ಬೀಳದಿದ್ದರೆ ಶಾಂತಿ ಬರುತ್ತಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ತಿಂಗಳುಗಳಲ್ಲೇ ಹನೋಯಿಯ ನಾಯಕರು ಮುಂದಿನ ವರ್ಷದ ದೊಡ್ಡ ದಾಳಿಗೆ ಯೋಜನೆ ಹಾಕತೊಡಗಿದ್ದರು; ಅದೇ 1968ರ ಜನವರಿ ಕೊನೆಯ ಟೆಟ್ ದಾಳಿ. ಎರಡೂ ಕಡೆ ಒಂದು ಕೈ ಮಾತಿಗೆ, ಒಂದು ಕೈ ಕತ್ತಿಗೆ. ಹೇಳಬಹುದಾದದ್ದು ಇಷ್ಟು: ಹನೋಯಿ ನಿಜಕ್ಕೂ ಒಪ್ಪುತ್ತಿತ್ತೇ ಎಂದು ಪರೀಕ್ಷಿಸುವ ಅವಕಾಶ ಇತ್ತು, ಆ ಪರೀಕ್ಷೆ ನಡೆಯುವ ಮೊದಲೇ ಪ್ರಶ್ನೆಪತ್ರಿಕೆ ಹರಿದುಹೋಯಿತು.

ಇಂಥ ದಾರಿ ಕಟ್ಟುವವರು ಮೊದಲು ಕೇಳಬೇಕಾದದ್ದು ‘ಈ ದೂತರನ್ನು ನಂಬಬಹುದೇ’ ಎಂದಲ್ಲ. ಇಲ್ಲಿ ದೂತರು ನಂಬಿಕೆಗೆ ಅರ್ಹರೇ ಇದ್ದರು. ‘ನಮ್ಮದೇ ಸರ್ಕಾರದ ಯಾವ ಕೈ ಈ ಮಾತನ್ನು ಕೆಡಿಸಬಲ್ಲದು, ಆ ಕೈಯನ್ನು ಹಿಡಿಯುವವರು ಯಾರು’ ಎಂದು ಕೇಳಬೇಕಿತ್ತು. ಗುಟ್ಟು ಕಾಯಲು ಜನ ಕಡಿಮೆ ಇರಬೇಕು, ನಿಜ. ಆದರೆ ಆ ಕೆಲವರಲ್ಲಿ ಗುರಿಪಟ್ಟಿಗೆ ದಿನದಿನವೂ ತಡೆ ಹಾಕಬಲ್ಲ ಒಬ್ಬರು ಇರಲೇಬೇಕು. ವಿರಾಮ ಕೊಡುವುದಾದರೆ ದೂತರು ತಲುಪುವ ದಿನದಿಂದಲ್ಲ, ಅವರು ವೀಸಾ ಕೇಳುವ ದಿನದಿಂದ ಕೊಡಬೇಕು. ಡಿಸೆಂಬರ್ 1966ರ ಪೋಲಿಷ್ ಪ್ರಯತ್ನ ಕೆಟ್ಟದ್ದೂ ಹೀಗೇ. ಎಂಟು ತಿಂಗಳಲ್ಲಿ ಅದೇ ತಪ್ಪು ಎರಡು ಸಲ ಆಯಿತೆಂದರೆ ಮೊದಲ ಸಲದ ಪಾಠವನ್ನು ಯಾರೂ ಕಾರ್ಯವಿಧಾನವಾಗಿ ಬರೆದಿಟ್ಟಿರಲಿಲ್ಲ ಎಂದರ್ಥ.

ಮಾತಿನ ಒಕ್ಕಣೆಯ ಬಗ್ಗೆ ಇನ್ನೊಂದು. ಮೂರು ಕೈ ದಾಟುವ ಸಂದೇಶದಲ್ಲಿ ವಿವರಣೆ ಬೇಡುವ ಪದ ಇಡಬಾರದು. ಇಡಲೇಬೇಕಾದರೆ ವಿವರಣೆಯೂ ಅದೇ ಕಾಗದದಲ್ಲಿ ಇರಬೇಕು. ‘ಲಾಭ ಪಡೆಯುವುದು’ ಎಂಬುದಕ್ಕೆ ಎರಡು ಸಾಲು ಸೇರಿಸಿದ್ದರೆ ಆಗುತ್ತಿತ್ತು. ಸೇರಿಸದೆ ಬಿಟ್ಟದ್ದು ಮರೆವಿನಿಂದಲೂ ಇರಲಿಕ್ಕಿಲ್ಲ. ಅಷ್ಟು ಸ್ಪಷ್ಟವಾಗಿ ಬರೆದರೆ ವಾಷಿಂಗ್ಟನ್ನಿನೊಳಗೇ ಒಮ್ಮತ ಬರುತ್ತಿರಲಿಲ್ಲ ಎಂಬುದು ಹೆಚ್ಚು ಸಂಭವ. ಮನೆಯೊಳಗೆ ಬಗೆಹರಿಯದ ಜಗಳವನ್ನು ದೂತನ ಜೇಬಿನಲ್ಲಿಟ್ಟು ಕಳಿಸಿದಂತೆ.

ಸಲಹೆಗಾರರ ವಿಷಯಕ್ಕೆ ಬಂದರೆ, ಇದೇ ಯುದ್ಧದ ಇನ್ನೊಂದು ಗುಂಪನ್ನು ಪಕ್ಕಕ್ಕಿಟ್ಟು ನೋಡಬೇಕು. ನಿವೃತ್ತ ಹಿರಿಯರ ಒಂದು ಬಳಗವನ್ನು ಜಾನ್ಸನ್ ಆಗಾಗ ಕರೆಸುತ್ತಿದ್ದರು. ಮಾಜಿ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ಅವರಲ್ಲೊಬ್ಬರು. 1967ರ ನವೆಂಬರ್ 2ರಂದು ಆ ಬಳಗದವರು, ‘ಈಗ ಹಿಡಿದ ದಾರಿಯನ್ನೇ ಮುಂದುವರಿಸಿ’ ಎಂದರು. ಬಾಂಬ್ ನಿಲ್ಲಿಸಿ ಎಂದು ಮೆಕ್‌ನಮಾರ ಹಿಂದಿನ ದಿನವಷ್ಟೇ ಅಧ್ಯಕ್ಷರಿಗೆ ಬರೆದುಕೊಟ್ಟಿದ್ದ ಟಿಪ್ಪಣಿಯನ್ನು ಅವರಿಗೆ ತೋರಿಸಿರಲಿಲ್ಲ. 1968ರ ಮಾರ್ಚ್ 25, 26ರಂದು ಹೆಚ್ಚುಕಡಿಮೆ ಅದೇ ಜನ ಮತ್ತೆ ಸೇರಿದರು. ಈ ಸಲ ಮೂವರು ಅಧಿಕಾರಿಗಳು ಪರಿಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಹೆಚ್ಚಿನವರ ಸಲಹೆ ತಿರುಗಿತು: ಹಿಂದೆ ಸರಿಯುವ ದಾರಿ ನೋಡಿ. ಐದು ತಿಂಗಳಲ್ಲಿ ಅವರ ಬುದ್ಧಿ ಬೆಳೆದದ್ದಲ್ಲ. ನಡುವೆ ಟೆಟ್ ದಾಳಿ ಆಗಿತ್ತು, ಎದುರಿಗಿಟ್ಟ ಕಾಗದ ಬೇರೆಯದಾಗಿತ್ತು.

ಮುಂದಿನ ತಾರೀಕುಗಳು ಹೀಗಿವೆ. 1967ರ ಡಿಸೆಂಬರ್ 29ರಂದು ಹನೋಯಿಯ ವಿದೇಶಾಂಗ ಸಚಿವರು ‘ಬಹುದು’ ಬಿಟ್ಟು ‘ತ್ತದೆ’ಗೆ ಬಂದರು: ಬಾಂಬ್ ನಿಂತರೆ ಮಾತುಕತೆ ನಡೆಯುತ್ತದೆ. 1968ರ ಜನವರಿ 25ರಂದು, ರಕ್ಷಣಾ ಕಾರ್ಯದರ್ಶಿಯಾಗಿ ನೇಮಕವಾಗಲಿದ್ದ ಅದೇ ಕ್ಲಿಫರ್ಡ್ ಸೆನೆಟ್ ಮುಂದೆ ‘ಲಾಭ ಪಡೆಯುವುದು’ ಎಂಬುದಕ್ಕೆ ಅರ್ಥ ಹೇಳಿದರು: ದಕ್ಷಿಣಕ್ಕೆ ಮಾಮೂಲಿ ಪ್ರಮಾಣದ ಸಾಮಾನು, ಮದ್ದುಗುಂಡು, ಜನ ಹೋಗುತ್ತಲೇ ಇರುತ್ತಾರೆಂದು ನಾವು ಅಂದುಕೊಂಡಿದ್ದೇವೆ. ಆಗಸ್ಟ್‌ನ ಕಾಗದದಲ್ಲಿ ಇಲ್ಲದಿದ್ದ ಆ ಎರಡು ಸಾಲು ಇವೇ. ವಾರ ತುಂಬುವುದರೊಳಗೆ ಟೆಟ್ ಬಂತು. ಮಾರ್ಚ್ 31ರಂದು ಜಾನ್ಸನ್ ಉತ್ತರದ ಬಹುಭಾಗದ ಮೇಲೆ ಬಾಂಬ್ ನಿಲ್ಲಿಸಿ, ಇನ್ನೊಮ್ಮೆ ಚುನಾವಣೆಗೆ ನಿಲ್ಲುವುದಿಲ್ಲ ಎಂದರು. ಮೂರು ದಿನದಲ್ಲಿ ಹನೋಯಿ ಒಪ್ಪಿತು. ಮೇ ತಿಂಗಳಲ್ಲಿ ಎರಡೂ ಕಡೆಯ ಅಧಿಕೃತ ಪ್ರತಿನಿಧಿಗಳು ಮಾತಿಗೆ ಕೂತರು, ಪ್ಯಾರಿಸ್ಸಿನಲ್ಲೇ.